ಒಟ್ಟು ಟೌ ಹೆಚ್ಚು, ಅಮಿಲಾಯ್ಡ್ ಸರಿ: ಏನರ್ಥ?

ಬಹುಶಃ ನರಕೋಶಗಳಿಗೆ ಆದ ಪೆಟ್ಟೇ ಕಾರಣ. ನಿಮ್ಮ ತಾಯಿಯ ಬೆನ್ನುಹುರಿ ದ್ರವದಲ್ಲಿ ಒಟ್ಟು ಟೌ ಮಾತ್ರ ಹೆಚ್ಚಿದೆ, ಅಮಿಲಾಯ್ಡ್ (ಆಲ್‌ಝೈಮರ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಪ್ರೋಟೀನ್) ಸರಿಯಿದೆ ಅಂದಿದ್ದೀರಿ. ಅಷ್ಟಕ್ಕೇ ಆಲ್‌ಝೈಮರ್ ಅಂತ ಎದೆಗುಂದಬೇಡಿ. ನರಕೋಶದ ಉದ್ದನೆಯ ಎಳೆಯೊಳಗೆ ಸಾಮಾನು ಸಾಗಿಸುವ ಸೂಕ್ಷ್ಮ ನಳಿಕೆಗಳನ್ನು ಬಿಗಿಹಿಡಿಯುವ ಪ್ರೋಟೀನೇ ಟೌ. ಕೋಶ ಹಾಳಾದರೆ ಅದು ಹೊರಗೆ ಸೋರುತ್ತದೆ, ಪಾರ್ಶ್ವವಾಯುವಾದರೂ ಏರುತ್ತದೆ. ಆಲ್‌ಝೈಮರ್‌ನಲ್ಲಾದರೆ ಅದಕ್ಕೆ ಫಾಸ್ಫೇಟ್ ಅತಿಯಾಗಿ ಅಂಟಿ, ನಳಿಕೆಯಿಂದ ಕಳಚಿ, ಗಂಟುಗಂಟಾಗುತ್ತದೆ.

ಮೊದಲು ವರದಿಯಲ್ಲಿ ಪಿ-ಟೌ 181 ಅಥವಾ 217, ಅಂದರೆ ಹೀಗೆ ಫಾಸ್ಫೇಟ್ ಅಂಟಿದ ಟೌನ ಅಳತೆ, ಇದೆಯೇ ನೋಡಿ. ನನ್ನ ಮಾವನವರ ವರದಿಯಲ್ಲಿ ಅದು ಎರಡನೇ ಪುಟದ ಕೊನೆಯಲ್ಲಿತ್ತು, ನಾವು ಗಮನಿಸಿರಲೇ ಇಲ್ಲ. ಆಮೇಲೆ ಇತ್ತೀಚೆಗೆ ತಲೆಗೆ ಪೆಟ್ಟು, ಪಾರ್ಶ್ವವಾಯು, ಫಿಟ್ಸ್ ಆಗಿದ್ದರೆ ವೈದ್ಯರಿಗೆ ಹೇಳಿ, ಎಂಆರ್‌ಐ ಜೊತೆಗಿಟ್ಟು ನೋಡಲು ಕೇಳಿ. ಟೌ ಸಂಖ್ಯೆಯೊಂದರಿಂದಲೇ ಖಚಿತವಾಗಿ ಏನೂ ಹೇಳಲಾಗದು. ಮರೆವು ವಾರದಿಂದ ವಾರಕ್ಕೆ ಬಿಗಡಾಯಿಸುತ್ತಿದ್ದರೆ ಮಾತ್ರ ಕಾಯಬೇಡಿ, ಇವತ್ತೇ ನರರೋಗ ತಜ್ಞರನ್ನು ಕಾಣಿ.