ಆರೋಗ್ಯ ಪ್ರಶ್ನೋತ್ತರ: ಶೇ 38 ಅಂದರೆ ಬೆನ್ನುಮೂಳೆ ಅಷ್ಟು ಸವೆದಿದೆಯೇ?

ಪ್ರಶ್ನೆ: ವಯಸ್ಸು 44. ಕಾಫಿ ತೋಟದ ಕೆಲಸಕ್ಕೆ ಹೋಗುತ್ತೇನೆ. ನಾಲ್ಕು ತಿಂಗಳಿಂದ ಸೊಂಟನೋವು, ಕಾಲಿಗೆ ಇಳಿದಿಲ್ಲ. ಹಾಸನದಲ್ಲಿ ತೋರಿಸಿದಾಗ ಹತ್ತು ಪ್ರಶ್ನೆಗಳ ಹಾಳೆ ತುಂಬಿಸಿ ‘ಆಸ್ವೆಸ್ಟ್ರಿ ಶೇ 38’ ಎಂದು ಬರೆದರು. ಮೂಳೆ ಅಷ್ಟು ಸವೆದಿದೆಯೇ? ರೋಬಸ್ಟಾ ಕೊಯ್ಲು ಹತ್ತಿರ ಬಂತು. ಕೆಲಸ ಬಿಟ್ಟು ಮಲಗಲೇ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಆ ಅಂಕಕ್ಕೂ ಮೂಳೆ ಸವೆತಕ್ಕೂ ಸಂಬಂಧವಿಲ್ಲ, ಹೆದರಬೇಡಿ. ನೋವಿನಿಂದ ದಿನದ ಕೆಲಸ ಎಷ್ಟು ಕೆಡುತ್ತಿದೆ ಎಂಬುದಷ್ಟೇ ಅದರಲ್ಲಿದೆ. ನೋವಿನ ತೀವ್ರತೆ, ಸ್ನಾನ–ಬಟ್ಟೆ, ಭಾರ ಎತ್ತುವುದು, ನಡೆಯುವುದು, ಕೂರುವುದು, ನಿಲ್ಲುವುದು, ನಿದ್ದೆ, ದಾಂಪತ್ಯ, ಜನರೊಡನೆ ಒಡನಾಟ, ಪ್ರಯಾಣ: ಒಂದೊಂದಕ್ಕೂ 0ಯಿಂದ 5 ಅಂಕ. ಹತ್ತನ್ನೂ ತುಂಬಿದ್ದರೆ ನಿಮಗೆ 50ಕ್ಕೆ 19 ಬಂದಿದೆ. ಅದೇ ಶೇ 38. ಶೇ 21ರಿಂದ 40ರವರೆಗಿನದು ಮಧ್ಯಮ ತೊಂದರೆ. ದಾಂಪತ್ಯದ ಪ್ರಶ್ನೆಯನ್ನು ಸಂಕೋಚಕ್ಕೆ ಖಾಲಿ ಬಿಡುವವರಿದ್ದಾರೆ. ಆಗ ಒಟ್ಟು ಅಂಕವನ್ನು 45ಕ್ಕೆ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ತೊಂದರೆ ಕಡಿಮೆಯಿದ್ದಂತೆ ಕಾಣುತ್ತದೆ. ಯಾವ ಪ್ರಶ್ನೆಗೆ 3, 4 ಬಿದ್ದಿದೆ ಎಂದು ನೋಡಿ. ಮೊದಲು ಬದಲಿಸಬೇಕಾದ್ದು ಅದನ್ನೇ.

ಮಲಗಬೇಡಿ. ಎರಡು ದಿನ ದಾಟಿದ ಮಲಗುವಿಕೆಯಿಂದ ಸ್ನಾಯು ಸೋತು ನೋವು ಎಳೆಯುತ್ತದೆ. ಕೊಯ್ಲಿಗೆ ಹೋಗಿ, ಕೆಲಸ ಮಾತ್ರ ಆರಿಸಿಕೊಳ್ಳಿ. ಗಿಡದ ಹಣ್ಣು ನಿಂತು ಕೊಯ್ಯುವುದು ಸೊಂಟಕ್ಕೆ ಅಷ್ಟು ಭಾರವಲ್ಲ. ಕಷ್ಟವಿರುವುದು ಉದುರು ಹಣ್ಣು ಹೆಕ್ಕುವುದರಲ್ಲಿ: ಮಂಡಿ ಮಡಿಸದೆ ಬಗ್ಗಿ ಅರ್ಧ ಗಂಟೆ ಹಾಗೇ ಇದ್ದರೆ ಬೆನ್ನಿನ ಸ್ನಾಯು ದಣಿದು ಭಾರವೆಲ್ಲ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ), ಕಟ್ಟುನಾರುಗಳ ಮೇಲೆ ಬೀಳುತ್ತದೆ. ಖಾಲಿ ಚೀಲ ಮಡಿಸಿ ಹಾಸಿ, ಅದರ ಮೇಲೆ ಒಂದು ಮಂಡಿ ಊರಿ ಹೆಕ್ಕಿ. ಕಾಲು ಗಂಟೆಗೊಮ್ಮೆ ಎದ್ದು, ಅಂಗೈ ಸೊಂಟಕ್ಕೊತ್ತಿ ಐದು ಸಲ ಹಿಂದಕ್ಕೆ ಬಾಗಿ. ನೋವು ಹೆಚ್ಚಿದರೆ ಬಾಗುವುದು ಬೇಡ, ನಾಲ್ಕು ಹೆಜ್ಜೆ ನಡೆದರೂ ಸಾಕು. ತುಂಬಿದ ಚೀಲ ಸದ್ಯ ಬೇಡವೇ ಬೇಡ. ಅರ್ಧ ತುಂಬಿ, ಎದೆಗವಚಿ ಎತ್ತಿ. ತಿರುಗುವಾಗ ಪಾದ ತಿರುಗಿಸಿ, ಸೊಂಟ ತಿರುಚಬೇಡಿ.

ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಹಾಗಾಗಿ ಎದ್ದ ಕೂಡಲೇ ಬಗ್ಗಿ ಅಂಗಳ ಗುಡಿಸುವುದು ಅದಕ್ಕೆ ತೀರಾ ಬಿಗಿ. ಒಲೆ, ಕಾಫಿ ಮುಗಿಸಿ ಒಂದು ಗಂಟೆ ಕಳೆದ ಮೇಲೆ ಗುಡಿಸಿ, ಉದ್ದ ಹಿಡಿಯ ಪೊರಕೆಯಿದ್ದರೆ ಇನ್ನೂ ಒಳ್ಳೆಯದು. ಹಾಸನದ ಬಸ್ಸಿನಲ್ಲಿ ಟವೆಲ್ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳಿ. ಬೆಲ್ಟ್ ದಿನವಿಡೀ ಬೇಡ.

ಬೆಳಿಗ್ಗೆ, ಸಂಜೆ 10 ನಿಮಿಷ ನಡೆಯಿರಿ, ವಾರಕ್ಕೆ 5 ನಿಮಿಷ ಏರಿಸಿ. ಕೆಲಸದಲ್ಲಿ ಹೆಚ್ಚಿದ ನೋವು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಅರ್ಧಕ್ಕೆ ತನ್ನಿ. ಆರು ವಾರಕ್ಕೆ ಅದೇ ಹಾಳೆ ಮತ್ತೆ ತುಂಬಿ. ಶೇ 28 ಅಥವಾ ಕಡಿಮೆ ಬಂದರೆ ಗುಣ ನಿಜವಾದದ್ದು. ಎರಡು–ಮೂರು ಅಂಕದ ವ್ಯತ್ಯಾಸವನ್ನು ಲೆಕ್ಕಕ್ಕಿಡಬೇಡಿ.

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಗುದದ್ವಾರದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ ಮರುದಿನಕ್ಕೆ ಕಾಯಬೇಡಿ. ರಾತ್ರಿಯಾದರೂ ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ. ಸೊಂಟನೋವಿನ ಜೊತೆ ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಇದ್ದರೂ ಬೇಗ ತೋರಿಸಿ.