ಒಬ್ಬರು ಹೋದರೆ ಖರ್ಚು ಅರ್ಧವಾಗುವುದಿಲ್ಲ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುತ್ತಿಲ್ಲ. ವಿಚ್ಛೇದನವಾಗಿ ಮೂರು ವರ್ಷ, ಇಬ್ಬರು ಮಕ್ಕಳು ನಿಮ್ಮ ಜೊತೆಗಿದ್ದಾರೆ. ‘ಮನೆಯಲ್ಲಿ ಒಬ್ಬರು ಕಡಿಮೆಯಾದರೆ ಖರ್ಚೂ ಇಳಿಯಬೇಕಲ್ವಾ? ಮತ್ತೆ ಯಾಕೆ ಪ್ರತಿ ತಿಂಗಳು ಸಾಲ? ನನಗೆ ದುಡ್ಡು ನಿಭಾಯಿಸೋಕೆ ಬರಲ್ವಾ?’ ಎಂದು ಕೇಳಿದ್ದೀರಿ.

ಬರುತ್ತದೆ. ನೀವು ಕಳಿಸಿದ ಖರ್ಚಿನ ಪಟ್ಟಿಯಲ್ಲಿ ದುಂದು ಎನ್ನುವಂಥದ್ದು ನನಗೆ ಒಂದೂ ಕಾಣಲಿಲ್ಲ.

ಲೆಕ್ಕ ನೋಡಿ. ಸಂಸಾರಗಳ ಅಗತ್ಯವನ್ನು ಹೋಲಿಸಲು ಅರ್ಥಶಾಸ್ತ್ರಜ್ಞರು ಬಳಸುವ ಒಂದು ಅಳತೆ ಇದೆ. ಮೊದಲ ದೊಡ್ಡವರಿಗೆ 1, ಎರಡನೆಯವರಿಗೆ 0.5, ಪ್ರತಿ ಮಗುವಿಗೆ 0.3. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಂದರೆ 2.1. ಒಬ್ಬರು ಹೋದರೆ 1.6. ಖರ್ಚು ಇಳಿಯುವುದು ಸುಮಾರು ಕಾಲು ಭಾಗ. ಇಬ್ಬರ ಸಂಬಳವೂ ಒಂದೇ ಆಗಿದ್ದರೆ ಆದಾಯ ಇಳಿಯುವುದು ಅರ್ಧ. ಬಾಡಿಗೆ ಅಷ್ಟೇ ಇರುತ್ತದೆ, ಕರೆಂಟ್ ಬಿಲ್ ಹೆಚ್ಚುಕಮ್ಮಿ ಅಷ್ಟೇ. ಜೊತೆಗೆ ಮಗುವಿಗೆ ಜ್ವರ ಬಂದ ದಿನ ರಜೆ ಹಾಕುವವರು ನೀವೊಬ್ಬರೇ. ಸಂಜೆ ಮಕ್ಕಳನ್ನು ನೋಡುವವರಿಲ್ಲ ಎಂದು ಬಡ್ತಿಯನ್ನೇ ಬಿಟ್ಟಿರಿ. ಆ ನಷ್ಟ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಅಪ್ಪ ಅಥವಾ ಅಮ್ಮ ಒಬ್ಬರೇ ಮಕ್ಕಳನ್ನು ಬೆಳೆಸುವ ಇಂಥ ಮನೆಗಳು ಯಾಕೆ ಜಾಸ್ತಿಯಾಗುತ್ತಿವೆ ಎಂದೂ ಕೇಳಿದ್ದೀರಿ. ಹಿಂದೆ ಹೆಚ್ಚಾಗಿ ಸಾವು ಕಾರಣವಾಗಿತ್ತು. ಈಗ ಅನೇಕ ದೇಶಗಳಲ್ಲಿ ವಿಚ್ಛೇದನ, ಬೇರೆಯಾಗುವುದು, ಮದುವೆಯಿಲ್ಲದೆ ಮಗು ಬೆಳೆಸುವುದು. ಹೆಂಗಸರ ಕೈಗೆ ಸ್ವಂತ ಸಂಬಳ ಬಂದ ಮೇಲೆ ಸಹಿಸಲಾಗದ ಮನೆಯಿಂದ ಹೊರಬರಲು ದಾರಿಯಾಯಿತು. ಅದನ್ನು ನಾನು ಸಮಾಜದ ಕುಸಿತ ಎನ್ನಲಾರೆ. ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2019ರ ವರದಿ ಪ್ರಕಾರ ಜಗತ್ತಿನ ನೂರು ಮನೆಗಳಲ್ಲಿ ಸುಮಾರು 8 ಇಂಥವು. ಅವುಗಳಲ್ಲಿ ಶೇ. 84ರಷ್ಟು ನಡೆಯುವುದು ತಾಯಿಯಿಂದ.

ಮಕ್ಕಳ ಜೀವನಾಂಶ ಎರಡು ತಿಂಗಳು ಬಂದು ನಿಂತುಹೋಯಿತು, ಕೇಳಿ ಕೇಳಿ ಸಾಕಾಯಿತು ಎಂದು ಬರೆದಿದ್ದೀರಿ. ಜರ್ಮನಿಯಲ್ಲಿ 1980ರಿಂದ, ಅಪ್ಪ ಅಥವಾ ಅಮ್ಮ ಕೊಡದಿದ್ದರೆ ಸರ್ಕಾರವೇ ಮುಂಗಡ ಕೊಟ್ಟು ಆಮೇಲೆ ಅವರಿಂದ ವಸೂಲಿಗೆ ಹೋಗುತ್ತದೆ. ಸ್ವೀಡನ್‌ನಲ್ಲೂ ಇಂಥ ವ್ಯವಸ್ಥೆ ಇದೆ. ಎಲ್ಲ ಕಡೆಯೂ ಇದು ಬರಬೇಕು. ಮಗುವಿನ ಹಕ್ಕಿನ ಹಣಕ್ಕೆ ತಾಯಿ ಬಾಗಿಲು ತಟ್ಟುತ್ತಾ ನಿಲ್ಲಬೇಕೇ?

ಅದು ಬರುವ ತನಕ ಒಂದು ಕೆಲಸ. ದುಡಿಯುವವರು ಒಬ್ಬರೇ ಆದ್ದರಿಂದ ಉಳಿತಾಯ ಚಿಕ್ಕದಿದ್ದರೂ ಜೀವವಿಮೆ ಇರಲಿ. ಮತ್ತೆ ಬ್ಯಾಂಕ್, ವಿಮೆ, ನಿವೃತ್ತಿ ನಿಧಿಯ ಹಳೆಯ ಕಾಗದಗಳನ್ನು ತೆಗೆದು ನಾಮಿನಿ ಯಾರೆಂದು ಈ ವಾರವೇ ನೋಡಿ. ಎಷ್ಟೋ ಜನರ ಕಾಗದದಲ್ಲಿ ಇನ್ನೂ ಹಳೆಯ ಸಂಗಾತಿಯ ಹೆಸರೇ ಇರುತ್ತದೆ.

– ಸಂಪಾದಕ