ಹಳೆ ಮಾರುತಿ 800ರ ಒಳಗೆ ಪೆಟ್ರೋಲ್ ವಾಸನೆ: ಕಾರ್ಬ್ಯುರೇಟರ್ ಬದಲಿಸಲೇ, ಕ್ಯಾನಿಸ್ಟರ್ ಕಿತ್ತು ಪೈಪ್ ಮುಚ್ಚಲೇ?

ಎರಡೂ ಬೇಡ ಮಾರಾಯ್ರೇ. ಕಾರ್ಬ್ಯುರೇಟರಿಗೆ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಸುಮ್ನೆ ದುಡ್ಡು ಸುರಿಯಬೇಡಿ. ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಆವಿ ಹಿಡಿಯುವ ಡಬ್ಬಿ, ಅದನ್ನು ಕಿತ್ತು ಪೈಪ್ ಮುಚ್ಚುವುದಂತೂ ಬೇಡವೇ ಬೇಡ. ಅದನ್ನು ನಾನು ಮಾಡಿ ಅನುಭವಿಸಿದ್ದೇನೆ.

ನನ್ನದೂ 800. 1998ರ ಕಾರ್ಬ್ಯುರೇಟರ್ ಗಾಡಿ. ಅಡಿಕೆಗೆ ಒಳ್ಳೆ ರೇಟಿದ್ದಾಗ ಅಪ್ಪ ತೆಗೆದುಕೊಂಡದ್ದು, ಹಾಗಾಗಿ ಮಾರುವ ಮಾತಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು. ದೀಪಾವಳಿಗೆ ಹೊರಗೆ ತೆಗೆದರೆ ಒಳಗೆಲ್ಲ ಪೆಟ್ರೋಲ್ ಘಾಟು. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಎಲ್ಲರಿಗೂ ತಲೆನೋವು. ಕೆಳಗೆ ಬಗ್ಗಿ ನೋಡಿದರೆ ಒಂದು ತೊಟ್ಟೂ ಸೋರುತ್ತಿಲ್ಲ. ಹಾಗಾದರೆ ಇದು ಆವಿಯೇ ಇರಬೇಕು ಅಂತ ನನಗೂ ಹೊಳೆಯಿತು. ಅಲ್ಲಿಯವರೆಗೆ ಲೆಕ್ಕ ಸರಿಯಿತ್ತು.

ಆಮೇಲೆ ಪರಿಚಯದವರೊಬ್ಬರು ಬಾನೆಟ್ ಕೆಳಗಿನ ಕಪ್ಪು ಡಬ್ಬಿ (ಅದೇ ಕ್ಯಾನಿಸ್ಟರ್) ತೋರಿಸಿ, "ವಾಸನೆ ಬರೋದೇ ಇದರಿಂದ, ಕಿತ್ತು ಬಿಸಾಕಿ, ಹಳೆ ಪದ್ಮಿನಿ ಕಾರಿಗೆ ಇದೆಲ್ಲ ಎಲ್ಲಿತ್ತು?" ಅಂದರು. ಇರಲಿಲ್ಲ, ನಿಜ. ಅದರ ಟ್ಯಾಂಕಿನ ಆವಿ ಸೀದಾ ಹೊರಗಾಳಿಗೆ ಹೋಗುತ್ತಿತ್ತು. ಅಮೆರಿಕದಲ್ಲಿ 1971ರ ಮಾಡೆಲ್‌ಗಳಿಂದಲೇ ಹಾಗೆ ಬಿಡುವುದಕ್ಕೆ ಕಡಿವಾಣ ಬಿತ್ತು, ನಮ್ಮ ಗಾಡಿಗಳಿಗೆ ಅದು ತಡವಾಗಿ ಬಂತು. ಡಬ್ಬಿಯೊಳಗೆ ಇರುವುದು ಇದ್ದಿಲು. ಗಾಡಿ ನಿಂತಿದ್ದಾಗ ಟ್ಯಾಂಕಿನ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಓಡುವಾಗ ಇಂಜಿನ್ ಅದನ್ನು ಎಳೆದುಕೊಂಡು ಸುಟ್ಟುಬಿಡುತ್ತದೆ.

ನಾನು ಡಬ್ಬಿಯನ್ನು ಅದರ ರಬ್ಬರ್ ಪೈಪುಗಳ ಸಮೇತ ಕಿತ್ತು ಶೆಡ್ಡಿನ ಮೂಲೆಗೆ ಎಸೆದೆ. ಟ್ಯಾಂಕಿನಿಂದ ಬರುವ ಪೈಪಿನ ಬಾಯಿಗೆ ಒಂದು ತುಂಡು ಹೋಸ್ ಸಿಕ್ಕಿಸಿ, ಬೋಲ್ಟ್ ತುರುಕಿ, ಕ್ಲ್ಯಾಂಪ್ ಬಿಗಿದೆ. ವಾಸನೆ ಮಾಯ. ನನಗೋ ಖುಷಿ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ದುಡ್ಡೆಲ್ಲ ಹೋಗಿದ್ದು ಇಲ್ಲೇ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಬಿಸಿಲಿಗೆ ಪೆಟ್ರೋಲ್ ಆವಿಯಾದಷ್ಟೂ ಆ ಒತ್ತಡ ಹೊರಗೆ ಹೋಗಬೇಕು. ನನ್ನ ಗಾಡಿಯಲ್ಲಿ ಎರಡಕ್ಕೂ ಇದ್ದದ್ದು ನಾನು ಮುಚ್ಚಿದ ಆ ಪೈಪೊಂದೇ ದಾರಿ. ಟ್ಯಾಂಕಿನ ಮುಚ್ಚಳ ಒಳ್ಳೆಯದಾದರೆ ಅದರಲ್ಲಿ ಗಾಳಿ ಒಳಗೆ ಬಿಡುವ ಸಣ್ಣ ವಾಲ್ವ್ ಇರುತ್ತದೆ. ನಾನು ಪೇಟೆಯಲ್ಲಿ ತಂದು ಹಾಕಿದ್ದ ಲಾಕ್ ಮುಚ್ಚಳದಲ್ಲಿ ಅದೂ ಇರಲಿಲ್ಲ. ಅಂದರೆ ಟ್ಯಾಂಕಿನ ಮೂಗು ಬಾಯಿ ಎರಡನ್ನೂ ನಾನೇ ಕಟ್ಟಿದ್ದೆ.

ಬಿಸಿಲಲ್ಲಿ ನಿಲ್ಲಿಸಿದಾಗ ಒಳಗಿನ ಒತ್ತಡ ಪೆಟ್ರೋಲನ್ನು ಮುಂದಕ್ಕೆ ತಳ್ಳಿತು. ಕಾರ್ಬ್ಯುರೇಟರಿನ ಸೂಜಿ ವಾಲ್ವ್ ಅದನ್ನು ತಡೆಯಲಾರದೆ ಉಕ್ಕಿಸಿತು. ಈಗ ವಾಸನೆ ಬಾನೆಟ್ಟಿನಿಂದ! ನೋಡಿದವರೆಲ್ಲ ಕಾರ್ಬ್ಯುರೇಟರ್ ಅಂದರು. ನಿಮಗೂ ಅದನ್ನೇ ಹೇಳಿದ್ದಾರೆ ಅಲ್ವಾ? ನಾನು ಅದಕ್ಕೆ ರಿಪೇರಿ ಕಿಟ್ ಹಾಕಿಸಿದೆ. ಕಾರ್ಬ್ಯುರೇಟರಿನ ತಪ್ಪು ಏನೂ ಇರಲಿಲ್ಲ.

ಉಡುಪಿಗೆ ಹೋಗಿ ಬರುವಾಗ ಕತೆ ಉಲ್ಟಾ ಆಯಿತು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೇವೆ. ಹದಿನಾಲ್ಕು ತಿರುವಿನ ಘಾಟಿಯ ಮಧ್ಯದಲ್ಲಿ ಇಂಜಿನ್ ಮಿಸ್ ಹೊಡೆದು ನಿಂತೇಹೋಯಿತು. ಹಿಂದೆ ಮಿನಿ ಬಸ್ ಹಾರ್ನ್. ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುತ್ತದೆ, ಮುಂದೆ ಹೋಗಿ ಮತ್ತೆ ನಿಲ್ಲುತ್ತದೆ. ಫೋನಿನಲ್ಲಿ ಮೆಕ್ಯಾನಿಕ್ "ಪಂಪ್ ಹೋಗಿದೆ" ಅಂದ. ಊರಿಗೆ ಬಂದು ಪಂಪೂ ಬದಲಾಯಿತು. ಮತ್ತೆ ಅದೇ ಕತೆ. ಕೊನೆಗೆ ಬಂಕಿನಲ್ಲಿ ಮುಚ್ಚಳ ತಿರುಗಿಸಿದಾಗ "ಉಸ್ಸ್" ಅಂತ ಗಾಳಿ ಒಳಗೆ ನುಗ್ಗಿತು. ಆಗ ಗೊತ್ತಾಯಿತು, ಗಾಳಿ ಸಿಗದೆ ಟ್ಯಾಂಕ್ ಪೆಟ್ರೋಲನ್ನೇ ಬಿಡುತ್ತಿರಲಿಲ್ಲ ಅಂತ.

ಮೂಲೆಗೆ ಎಸೆದದ್ದನ್ನು ಹುಡುಕಿ ತೆಗೆದೆ. ರಬ್ಬರ್ ಪೈಪಿನ ಅಡಿಯಲ್ಲಿ ಇಲಿ ಕಡಿದ ತೂತು. ಗಾಡಿಯಲ್ಲಿದ್ದಾಗ ಅದು ಕೆಳಮುಖವಾಗಿತ್ತು, ಮೇಲಿಂದ ಕಾಣುತ್ತಿರಲಿಲ್ಲ. ಅಲ್ಲಿಂದ ಬಂದ ಆವಿ ಗಾಜಿನ ಕೆಳಗಿನ ಗಾಳಿಕಿಂಡಿಯಿಂದ ಒಳಗೆ ಬರುತ್ತಿತ್ತು. ಇನ್ನು ಡಬ್ಬಿ, ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುತ್ತಿತ್ತು. ಅದು ಇರಬೇಕಾದ್ದು ಒಣಗಿ. ಬಂಕಿನಲ್ಲಿ ನಾಝಲ್ ಕಟ್ ಆದ ಮೇಲೂ "ರೌಂಡ್ ಫಿಗರ್ ಮಾಡಪ್ಪಾ" ಅಂತ ಕತ್ತಿನ ತನಕ ತುಂಬಿಸುವ ಚಟ ನಮ್ಮ ಮನೆಯವರಿಗೆಲ್ಲ ಇದೆ. ಹೆಚ್ಚಾದದ್ದು ಆವಿಯ ಪೈಪಿನಲ್ಲಿ ಹೋಗಿ ಇದ್ದಿಲನ್ನು ನೆನೆಸುತ್ತದೆ. ಬೇರೆ ಕ್ಯಾನಿಸ್ಟರ್, ಹೊಸ ಪೈಪ್, ವಾಲ್ವ್ ಇರುವ ಮುಚ್ಚಳ ಹಾಕಿದೆ. ಘಾಟು ಹೋಯಿತು.

ನಿಮ್ಮ ಗಾಡಿಯಲ್ಲಿ ಇಲಿಯೇ ಅಂತ ನಾನು ಹೇಳಲಾರೆ. ವಾಸನೆ ಯಾವಾಗ ಬರುತ್ತದೆ ಅಂತ ನೋಡಿ. ಟ್ಯಾಂಕ್ ಫುಲ್ ಇದ್ದಾಗ ಜಾಸ್ತಿ, ಇಳಿದಂತೆ ಕಮ್ಮಿ ಅಂದರೆ ಟ್ಯಾಂಕಿನ ನೆತ್ತಿ ನೋಡಿಸಿ: ಪೆಟ್ರೋಲ್ ಹಾಕುವ ಕತ್ತಿನ ರಬ್ಬರ್, ಗೇಜಿನ ಗ್ಯಾಸ್ಕೆಟ್, ಆವಿ ಪೈಪಿನ ಜಾಯಿಂಟ್. ಓಡುವಾಗ ಮಾತ್ರ, ಅದೂ ಕಿಟಕಿ ಇಳಿಸಿದರೆ ಬರುತ್ತದೆಯೇ? ಡಿಕ್ಕಿ ಬಾಗಿಲಿನ ರಬ್ಬರ್ ಸತ್ತಿರಬಹುದು, ಹಿಂದಿನ ಆವಿಯನ್ನು ಗಾಡಿಯೇ ಒಳಗೆಳೆದುಕೊಳ್ಳುತ್ತದೆ. ಬಿಸಿ ಇಂಜಿನ್ ಆಫ್ ಮಾಡಿದ ಮೇಲೆ ಮುಂದಿನಿಂದ ಬಂದರೆ ಮೊದಲು ಕ್ಯಾನಿಸ್ಟರ್ ಬಿಚ್ಚಿ ಅಲ್ಲಾಡಿಸಿ.

ಪೈಪ್ ಮಾತ್ರ ಪೆಟ್ರೋಲಿಗೆಂದೇ ಬರುವುದನ್ನು ಹಾಕಿ, ಮೀನಿನ ತೊಟ್ಟಿಯ ಪೈಪ್ ಅಲ್ಲ. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ, ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ. ಬಾಯಿಂದ ಊದಿ ನೋಡಬೇಡಿ. ಬೆಂಕಿಕಡ್ಡಿ ಬೆಳಕಿನಲ್ಲಿ ಹುಡುಕುವವರೂ ಇದ್ದಾರೆ, ಅಂಥವರನ್ನು ಗಾಡಿ ಹತ್ತಿರ ಬಿಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಶೆಡ್ಡಿನ ಗುಂಡಿಯಲ್ಲಿ ಕೂತುಬಿಡುತ್ತದೆ. ಕೆಲಸ ಅಂಗಳದಲ್ಲೇ ಆಗಲಿ.

ಈಗ ಟ್ಯಾಂಕ್ ಅರ್ಧಕ್ಕಿಳಿಸಿ ನಾಲ್ಕು ದಿನ ಓಡಿಸಿ, ವಾಸನೆ ಏನಾಯಿತು ಅಂತ ಇಲ್ಲೇ ಬರೆಯಿರಿ. ಕಾರ್ಬ್ಯುರೇಟರ್ ವಿಷಯ ಆಮೇಲೆ ನೋಡೋಣ.